ನನ್ನ ತಮ್ಮ ಬರೆದ ಷರಾ

ನನ್ನ ತಮ್ಮ ಮೂವತ್ತೊಂದು ವರ್ಷ ಒಂದೇ ಜಾಗದಲ್ಲಿ ಕೂತು ಲೆಕ್ಕ ಬರೆದವನು. ರಟ್ಟಿನ ಪೆಟ್ಟಿಗೆ ಮಾಡುವ ಸಣ್ಣ ಕಾರ್ಖಾನೆ ಅದು. ಗೋದಾಮಿನ ಮೂಲೆಗೆ ಹಲಗೆ ಅಡ್ಡ ಕಟ್ಟಿ ಅವನಿಗೊಂದು ಕೋಣೆ ಮಾಡಿಕೊಟ್ಟಿದ್ದರು. ಸಂಜೆ ಮನೆಗೆ ಬಂದರೆ ಅವನ ಅಂಗಿಯಿಂದ, ಕೂದಲಿನಿಂದ, ಊಟದ ಡಬ್ಬಿಯಿಂದ ಕೂಡ ರಟ್ಟಿನ ವಾಸನೆ. ಅವನು ಮದುವೆಯಾಗಲಿಲ್ಲ. ನಾನು ಗಂಡ ಹೋದ ಮೇಲೆ ಅವನ ಮನೆ ಸೇರಿದವಳು. ಊಟಕ್ಕೆ ಕೂತಾಗ ಅವನು ಆ ದಿನದ್ದನ್ನೆಲ್ಲ ಹೇಳುತ್ತಿದ್ದ, ನಾನು ಕೇಳುತ್ತಿದ್ದೆ. ಮೂರನೇ ತರಗತಿಗೇ ಶಾಲೆ ಬಿಟ್ಟವಳು ನಾನು. ಆದರೂ ಆ ಕಾರ್ಖಾನೆಯ ಲೆಕ್ಕ ನನಗೆ ಬಾಯಿಪಾಠವಾಗಿತ್ತು ಅಂದರೆ ಸುಳ್ಳಲ್ಲ.

ಅವನಿಗೊಂದು ಚಟವಿತ್ತು, ಷರಾ ಬರೆಯುವುದು. ಲೆಕ್ಕದ ಪ್ರತಿ ಸಾಲಿನ ಕೊನೆಗೆ, ಆ ದುಡ್ಡು ಯಾಕೆ ಹೋಯಿತು, ಯಾರ ಕೈಗೆ ಹೋಯಿತು ಅಂತ ಎರಡು ಮಾತು ಹಾಕುವ ಜಾಗ ಅದು. ಬೇರೆಯವರು ಖಾಲಿ ಬಿಡುತ್ತಾರಂತೆ. ಇವನು ಬಿಡುತ್ತಿರಲಿಲ್ಲ. "ಗಾಡಿ ಬಾಡಿಗೆ: ದಾರಿಯಲ್ಲಿ ಪಂಚರ್, ಮಾಲು ನೆನೆದಿದೆ, ಡ್ರೈವರನ ತಪ್ಪಿಲ್ಲ" ಅಂತ ಬರೆದಿದ್ದನ್ನು ನೋಡಿ ಹಳೇ ಮಾಲೀಕರು, "ನೀನು ಲೆಕ್ಕ ಬರೀತೀಯೋ, ಕತೆ ಬರೀತೀಯೋ?" ಅಂತ ಬೈದರಂತೆ. ಬೈದರೂ ನಿಲ್ಲಿಸಲಿಲ್ಲ. ದಪ್ಪ ಪುಸ್ತಕ ಹೋಗಿ ಮೇಜಿನ ಮೇಲೆ ಕಂಪ್ಯೂಟರ್ ಬಂದಾಗ, ಅದರಲ್ಲೂ ಷರಾಕ್ಕೆ ಜಾಗ ಇದೆಯಾ ಅಂತಲೇ ಮೊದಲು ನೋಡಿದ.

ಶನಿವಾರ ಬಟವಾಡೆ. ಆಳುಗಳ ಹೆಸರು ಹಾಜರಿ ಪುಸ್ತಕದಲ್ಲಿ ಇರಕೂಡದು ಅಂತ ಹಳೇ ಮಾಲೀಕರ ಕಟ್ಟಪ್ಪಣೆ. "ಹೆಸರು ಬರೆದ್ರೆ ನಾಳೆ ಹಕ್ಕು ಕೇಳ್ತಾರೆ. ಎಲ್ಲಾ ಸೇರಿಸಿ ಚಿಲ್ಲರೆ ಕೂಲಿ ಅಂತ ಒಂದೇ ಸಾಲು ಹಾಕು" ಅನ್ನುತ್ತಿದ್ದರು. ತಮ್ಮ ಚಿಲ್ಲರೆ ಕೂಲಿ ಅಂತಲೇ ಹಾಕಿದ, ಆದರೆ ಒಬ್ಬೊಬ್ಬರಿಗೆ ಒಂದೊಂದು ಸಾಲು. ಷರಾದಲ್ಲಿ ಅವರನ್ನು ಕಾರ್ಖಾನೆಯಲ್ಲಿ ಏನಂತ ಕರೆಯುತ್ತಿದ್ದರೋ ಅದೇ: ಕತ್ತರಿ ಮಾಮ, ಗಾಡಿ ತಾತ, ಅಂಟಕ್ಕ.

ಹಳೇ ಮಾಲೀಕರು ತೀರಿಕೊಂಡು ಮಗಳು ಬಂದಳು. ಕೆಟ್ಟವಳಲ್ಲ. ಬಂದ ವರ್ಷವೇ ಸಂಬಳವನ್ನೆಲ್ಲ ಬ್ಯಾಂಕಿಗೆ ಹಾಕುವ ಏರ್ಪಾಟು ಮಾಡಿದಳು. ಅವತ್ತು ಮೊದಲ ಸಲ ಆಳುಗಳ ನಿಜವಾದ ಹೆಸರು ಲೆಕ್ಕಕ್ಕೆ ಬಂತು. ಅದಾಗಿ ಎರಡು ವರ್ಷಕ್ಕೆ ಆನ್‌ಲೈನ್ ಲೆಕ್ಕದ ಮಾತು ತೆಗೆದಳು.

"ಅಂಕಲ್, ಎಲ್ಲಾನೂ ನಂಗೆ ಫೋನಲ್ಲೇ ಕಾಣಬೇಕು. ಈ ಡಬ್ಬಾ ಕಂಪ್ಯೂಟರ್ ಕೆಟ್ಟೋದ್ರೆ ಏನ್ಮಾಡ್ತೀರ?"

"ರಿಪೇರಿ ಮಾಡಿಸ್ತೀನಿ ಮೇಡಂ."

"ನೀವು ಕೆಟ್ಟೋದ್ರೆ?"

ಇದನ್ನು ಹೇಳಿ ಅವನೇ ನಕ್ಕ. ಹೊಸದಕ್ಕೆ ಮುಖ ಸಿಂಡರಿಸುವವನಲ್ಲ ನನ್ನ ತಮ್ಮ. ಮೂರೇ ವಾರದಲ್ಲಿ ಕಲಿತ. "ಬ್ಯಾಂಕಿನ ಲೆಕ್ಕ ತಾನಾಗೇ ಬಂದು ಕೂರುತ್ತೆ ಅಕ್ಕ, ನಾನು ಕೈ ಕಟ್ಟಿ ನೋಡೋದೊಂದೇ ಕೆಲಸ" ಅನ್ನುತ್ತಿದ್ದ. ತೊಡಕು ಬಂದದ್ದು ಹಳೆಯದನ್ನು ಸಾಗಿಸುವಾಗ. ಹಳೆಯ ಲೆಕ್ಕವನ್ನು ಪಟ್ಟಿ ಮಾಡಿ ಹೊಸದಕ್ಕೆ ಏರಿಸಿದರೆ, ಅದು ಅರ್ಧಕ್ಕೇ ಕೆಂಪು ಅಕ್ಷರ ತೋರಿಸಿ ವಾಪಸು ಕಳಿಸುತ್ತಿತ್ತು. ಸಾಫ್ಟ್‌ವೇರ್ ಕಂಪನಿಯ ಹುಡುಗಿ ಫೋನಿನಲ್ಲಿ ಬಿಡಿಸಿ ಹೇಳಿದಳಂತೆ.

"ನಿಮ್ಮ ಷರಾ ಉದ್ದ ಇದೆ ಸರ್, ಅದು ತಗೊಳ್ಳಲ್ಲ. ಆ ಕಾಲಂ ತೆಗೆದುಬಿಡಿ. ಎರಡು ವರ್ಷದ್ದು ಪೂರ್ತಿ ತರೋಣ, ಅದರ ಹಿಂದಿನದಕ್ಕೆ ಬರೀ ಉಳಿದ ಬಾಕಿ ಸಾಕು."

"ಹಿಂದಿನದು ಹೇಗೆ ಬಂತು ಅಂತ ತಿಳಿಯೋದು ಬೇಡ್ವೇನಮ್ಮಾ?"

"ಯಾರು ಕೇಳ್ತಾರೆ ಸರ್?"

ಯಾರೂ ಕೇಳುವುದಿಲ್ಲ ಅಂತ ಇವನಿಗೂ ಅನ್ನಿಸಿತು. ಹಳೆಯ ವಿವರ ಬೇಡ ಅನ್ನುವ ಕಡೆ ತಾನೇ ಗುರುತು ಹಾಕಿದ. ಆದರೂ ಮನಸ್ಸು ತಡೆಯದೆ ಕೂಲಿಯ ಪುಟಗಳನ್ನಷ್ಟೇ ನಾಲ್ಕು ದಿನ ಕೂತು ಪ್ರಿಂಟ್ ತೆಗೆದು, ದಾರ ಕಟ್ಟಿ ಮನೆಗೆ ತಂದ. ಹಳೇ ಕಂಪ್ಯೂಟರು ಗುಜರಿಯವನ ತಕ್ಕಡಿ ಏರಿತು.

"ಇದೇನೋ ಇಷ್ಟೊಂದು ಕಾಗದ? ಒಲೆಗಾ?" ಅಂದೆ.

"ಇರಲಿ ಬಿಡಕ್ಕಾ. ಮನುಷ್ಯರಿದ್ದಾರೆ ಅದರಲ್ಲಿ" ಅಂದ.

ಆರು ತಿಂಗಳಾಗಿರಬೇಕು, ಒಂದು ಭಾನುವಾರ ಅಂಟಕ್ಕ ನಮ್ಮ ಮನೆ ಬಾಗಿಲಿಗೆ ಬಂದಳು. ಅದೇ ಮೊದಲು ನಾನು ಅವಳನ್ನು ಕಂಡದ್ದು. ಹದಿನೇಳು ವರ್ಷ ಕಿಟಕಿಯಿಲ್ಲದ ಕಡೆ ಅಂಟಿನ ಬಕೆಟ್ಟಿನ ಮುಂದೆ ಕೂತವಳು. ಬೆರಳಿನ ಚರ್ಮ ಬಿಳಿಚಿಕೊಂಡು ಸಿಪ್ಪೆ ಎದ್ದಿತ್ತು. ಎರಡು ಮಾತಿಗೊಮ್ಮೆ ನಿಂತು ಉಸಿರು ಹುಡುಕುತ್ತಿದ್ದಳು. ಶ್ವಾಸಕೋಶ ಕೆಟ್ಟಿದೆ, ಇನ್ನು ಕೆಲಸ ಕೂಡದು ಅಂದಿದ್ದರಂತೆ ವೈದ್ಯರು. ಉಸಿರಾಟದ ಯಂತ್ರವನ್ನು ಬಾಡಿಗೆಗೆ ತಂದಿದ್ದರು. ಬಾಡಿಗೆ ದಿನಕ್ಕಿಷ್ಟು ಅಂತ.

"ಸಾರ್, ಐದು ವರ್ಷ ದುಡಿದವರಿಗೆ ಬಿಡುವಾಗ ದುಡ್ಡು ಕೊಡಬೇಕಂತೆ. ಮೇಡಂ ಕೇಳಿದ್ರೆ, ನೀನು ಬಂದು ಎರಡೇ ವರ್ಷ ಆಯ್ತಲ್ಲಾ ಅಂತಾರೆ. ಫೋನಲ್ಲಿ ತೋರಿಸಿದ್ರು ಸಾರ್. ಎರಡೇ ವರ್ಷ ಇದೆ ಅದರಲ್ಲಿ. ಮಿಕ್ಕ ಹದಿನೈದು ವರ್ಷ ನಾನೇನು ನಿದ್ದೆ ಮಾಡ್ತಿದ್ನಾ?"

ತಮ್ಮ ಎದ್ದು ಕಾಗದದ ಕಟ್ಟು ಬಿಚ್ಚಿದ. ಪುಟ ತಿರುವಿದಂತೆ ಅವನ ಮುಖ ಅರಳಿತು. "ಇಲ್ಲಿದ್ದೀಯಲ್ಲಮ್ಮಾ! ಈ ಶನಿವಾರ, ಮುಂದಿನ ಶನಿವಾರ, ಇಲ್ನೋಡು, ಜ್ವರ ಅಂತ ಅರ್ಧ ಕೂಲಿ." ಅವಳಿಗೆ ಓದು ಬಾರದು. ಅವನು ತೋರಿಸಿದ ಕಡೆಗೆಲ್ಲ ಬೆರಳಿಟ್ಟಳು.

ಮಾರನೇ ದಿನ ಅವಳ ಅರ್ಜಿಯ ಜೊತೆ ಆ ಕಾಗದಗಳ ನಕಲು ಕಾರ್ಮಿಕ ಕಚೇರಿಗೆ ಹೋಯಿತು. ಕಾರ್ಖಾನೆಗೆ ನೋಟೀಸು ಬಂದ ದಿನ ಹನ್ನೊಂದು ಗಂಟೆಗೆ ತಮ್ಮ ಚಹಾ ಕುಡಿದು ಬಂದು ಕೂತರೆ ಲೆಕ್ಕ ತೆರೆಯಲಿಲ್ಲ. ನಿಮಗೆ ಪ್ರವೇಶವಿಲ್ಲ ಅಂತ ತೋರಿಸಿತಂತೆ. ಮೇಡಂ ಬೇರೆ ಊರಲ್ಲಿದ್ದಳು. ಅಲ್ಲಿಂದಲೇ ಫೋನಿನಲ್ಲಿ ಇವನ ಹೆಸರು ತೆಗೆದಿದ್ದಳು. ಮಧ್ಯಾಹ್ನ ಕರೆ ಮಾಡಿದಳು.

"ನೀವು ಅಪ್ಪನ ಕಾಲದವರು ಅಂಕಲ್, ನಾನು ಜಾಸ್ತಿ ಮಾತಾಡಲ್ಲ. ಒಬ್ಬಳಿಗೆ ಕೊಟ್ರೆ ಇಪ್ಪತ್ತು ಜನ ಸಾಲಾಗಿ ನಿಲ್ತಾರೆ, ನಾನು ಕಾರ್ಖಾನೆ ಮುಚ್ಚಬೇಕಾಗುತ್ತೆ. ಮನೇಲಿ ರೆಸ್ಟ್ ತಗೊಳ್ಳಿ."

ಅವಳು ಹೇಳಿದ್ದರಲ್ಲಿ ಇಪ್ಪತ್ತು ಜನರ ಮಾತು ನಿಜವೇ ಅಂತ ತಮ್ಮ ಅಂದ. ಅವರೆಲ್ಲರೂ ಆ ಕಟ್ಟಿನಲ್ಲಿದ್ದರು.

ವಿಚಾರಣೆಗೆ ನಾನೂ ಹೋಗಿದ್ದೆ, ಕಾಗದದ ಕಟ್ಟು ಮಡಿಲಲ್ಲಿ ಇಟ್ಟುಕೊಂಡು. ಅಧಿಕಾರಿ ಒಳ್ಳೆಯ ಮನುಷ್ಯ, ಅಂಟಕ್ಕನಿಗೆ ಫ್ಯಾನಿನ ಕೆಳಗೆ ಕುರ್ಚಿ ಹಾಕಿಸಿದ. ಕೆಲಸದಲ್ಲಿದ್ದ ಆಳುಗಳಲ್ಲಿ ಒಬ್ಬರೂ ಸಾಕ್ಷಿಗೆ ಬಂದಿರಲಿಲ್ಲ. ಕಾರ್ಖಾನೆಯ ವಕೀಲನದು ಮೆತ್ತಗಿನ ದನಿ.

"ಈ ಕಾಗದ ಯಾರು ಬೇಕಾದ್ರೂ ಮನೇಲಿ ಕೂತು ಟೈಪ್ ಮಾಡಬಹುದು. ಮೂಲ ಎಲ್ಲಿದೆ?"

"ಗುಜರಿಗೆ ಹೋಯ್ತು."

"ಹೊಸ ಲೆಕ್ಕಕ್ಕೆ ಹಳೆಯ ವಿವರ ಬೇಡ ಅಂತ ಗುರುತು ಹಾಕಿದ್ದು ಯಾರು?"

"ನಾನೇ."

"ಇರಲಿ, ಕಾಗದ ನಿಜ ಅಂತಲೇ ಇಟ್ಟುಕೊಳ್ಳೋಣ. ಇದರಲ್ಲಿ ಇವರ ಹೆಸರೆಲ್ಲಿದೆ?"

"ಅಂಟಕ್ಕ ಅಂತ ಇದೆಯಲ್ಲ. ಕಾರ್ಖಾನೇಲಿ ಹಾಗೇ ಕರೀತಿದ್ವಿ."

"ಅಂಟಿನ ಮುಂದೆ ಯಾರು ಕೂತ್ರೂ ಹಾಗೇ ಕರೀತೀರಾ?"

ತಮ್ಮ ನನ್ನ ಕಡೆ ನೋಡಿದ, ಆಮೇಲೆ ಅಂಟಕ್ಕನ ಕಡೆ. ಇಲ್ಲ ಅಂದಿದ್ದರೆ ಮುಗಿಯುತ್ತಿತ್ತು. ಆ ಕೋಣೆಯಲ್ಲಿ ಅದು ಸುಳ್ಳು ಅನ್ನಲು ಯಾರಿದ್ದರು? ನನ್ನ ನಾಲಿಗೆ ತುದಿಗೇ ಬಂದಿತ್ತು.

"ಇವರಿಗಿಂತ ಮೊದಲು ಒಬ್ಬರಿದ್ದರು," ಅಂದ. "ಅವರನ್ನೂ ಹಾಗೇ ಅಂತಿದ್ರು. ಇವರು ಬಾಣಂತಿಯಾದಾಗ ಐದು ತಿಂಗಳು ಇವರ ಅತ್ತಿಗೆ ಬಂದು ಕೂತಿದ್ರು."

"ಷರಾದಲ್ಲಿ ಬೇರೆ ಬೇರೆ ಬರೆದಿದ್ದೀರಾ?"

"ಇಲ್ಲ. ಒಂದೇ."

"ಹಾಗಾದ್ರೆ ಯಾವ ಶನಿವಾರ ಯಾರು ಅಂತ ಕಾಗದ ಹೇಳಲ್ಲ."

"ಕಾಗದ ಹೇಳಲ್ಲ. ನಾನು ಹೇಳ್ತೀನಿ."

"ನಿಮ್ಮನ್ನ ಕೆಲಸದಿಂದ ಬಿಡಿಸಿದ್ದಾರೆ, ಅಲ್ವಾ?" ಅಂದು ವಕೀಲ ಕೂತುಬಿಟ್ಟ.

ಅಧಿಕಾರಿ ಪೆನ್ನು ಕೆಳಗಿಟ್ಟ. ಅವಳ ಇಷ್ಟು ವರ್ಷದ ಸಂಗಾತಿಗಳಲ್ಲಿ ಯಾರಾದರೂ ಒಬ್ಬರು ಬರುತ್ತಾರಾ ಅಂತ ಎರಡು ಸಲ ಕೇಳಿದ. ಅಂಟಕ್ಕ ತಲೆ ಅಲ್ಲಾಡಿಸಿದಳು. "ಕತ್ತರಿ ಮಾಮ ಬರ್ತೀನಿ ಅಂದಿದ್ದ ಸಾಹೇಬ್ರೆ. ಅವನ ಮಗನೂ ಅಲ್ಲೇ ಕೆಲಸಕ್ಕೆ ಸೇರಿದಾನೆ" ಅಂದಳು. ಅದಕ್ಕಿಂತ ಜಾಸ್ತಿ ಹೇಳಲು ಅವಳಿಗೆ ಉಸಿರಿರಲಿಲ್ಲ.

ಹೊರಗೆ ಬಂದ ಮೇಲೆ ಗೋಡೆ ಹಿಡಿದು ನಿಂತು ತಮ್ಮನನ್ನು ಕೇಳಿದಳು, "ಒಂದು ಸುಳ್ಳು ಹೇಳಬಾರದಿತ್ತಾ ಸಾರ್? ಒಂದೇ ಒಂದು?"

ನನಗೂ ಅವನ ಮೇಲೆ ಸಿಟ್ಟೇ ಬಂದಿತ್ತು. ಅವತ್ತು ಬಡಿಸುವಾಗ ಅಷ್ಟೇ ಅಂದೆ, "ಆ ಅತ್ತಿಗೆ ವಿಷಯ ವಕೀಲ ಕೇಳಿರಲಿಲ್ಲವಲ್ಲೋ." ತಮ್ಮ ಅರ್ಧ ಊಟಕ್ಕೆ ಕೈ ತೊಳೆದ.

ಆದೇಶ ಮೂರು ಸಾಲಿನದು. ಎರಡು ವರ್ಷದ ಸೇವೆ ಮಾತ್ರ ಸಾಬೀತಾಗಿದೆ, ಅರ್ಜಿ ವಜಾ, ಅರವತ್ತು ದಿನದೊಳಗೆ ಮೇಲಿನ ಕಚೇರಿಗೆ ಹೋಗಬಹುದು.

ತಮ್ಮ ಮೇಲ್ಮನವಿ ಬರೆದ. ಹೆರಿಗೆಯ ಆಸ್ಪತ್ರೆ ಚೀಟಿ ಹುಡುಕಿಸಿ ಆ ಐದು ತಿಂಗಳು ಬಿಟ್ಟ, ಮೊದಲಿನವಳ ವರ್ಷ ಬಿಟ್ಟ. ಉಳಿದ ಶನಿವಾರಗಳನ್ನು ಒಂದೊಂದಾಗಿ ಎಣಿಸಿದ. ಅವಳ ಹೆಬ್ಬೆಟ್ಟಿನ ಗುರುತೊಂದು ಬೇಕಿತ್ತು. ನಾವಿಬ್ಬರೂ ಅವಳ ಮನೆಗೆ ಹೋದೆವು. ಒಂದೇ ಕೋಣೆ, ಯಂತ್ರದ ಸದ್ದಿಗೆ ಜೋರಾಗಿ ಮಾತಾಡಬೇಕಿತ್ತು. ಅವಳು ಮೂಗಿನ ಕೊಳವೆ ಸರಿಸಿ ಕಾಗದವನ್ನು ನೋಡಿದಳು, ಶಾಯಿಯ ಡಬ್ಬಿಯನ್ನು ನೋಡಿದಳು.

"ಮೇಲಿನ ಕಚೇರಿ ಎಷ್ಟನೇ ಮಹಡಿ ಸಾರ್?"

"ನಾಲ್ಕನೇದು. ಲಿಫ್ಟ್ ಇರುತ್ತಮ್ಮ."

"ಇರುತ್ತೆ. ಕೆಟ್ಟಿರುತ್ತೆ," ಅಂದು ನಗಲು ಹೋಗಿ ಕೆಮ್ಮಿದಳು. "ಅಲ್ಲೂ ನೀವು ಇದ್ದದ್ದು ಇದ್ದ ಹಾಗೇ ಹೇಳೋರು. ಬಿಡಿ ಸಾರ್."

ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡಳು. ತಮ್ಮ ಅಲ್ಲೇ ಕೂತ. ಸ್ವಲ್ಪ ಹೊತ್ತಾದ ಮೇಲೆ ಅವಳ ಸೊಸೆ, ಯಂತ್ರದವನು ಬಾಡಿಗೆಗೆ ಬರುವ ಹೊತ್ತಾಯಿತು, ಜಾಗ ಚಿಕ್ಕದು ಅಂತ ನನ್ನ ಕಿವಿಯಲ್ಲಿ ಹೇಳಿದಳು. ನಾನು ಅವನ ತೋಳು ಹಿಡಿದು ಎಬ್ಬಿಸಿದೆ.