ಹಗಲು ಹೊತ್ತಿನ ಲಗ್ನ

ಹರಿಗೋಲಿನ ಆದೆಪ್ಪನನ್ನು ನೆನೆದಾಗಲೆಲ್ಲ ನಮ್ಮೂರ ಹಿರಿಯರ ಮುಖಗಳೂ ಕಣ್ಣಿಗೆ ಬರುತ್ತವೆ. ಆ ಹಿರಿಯರ ಮುಖಕ್ಕೆ ಉಗಿಯಬೇಕೆನಿಸುತ್ತದೆ. ಸತ್ತವರ ಬಗ್ಗೆ ಹೀಗೆಲ್ಲ ಆಡಬಾರದಂತೆ. ನಾನು ಆಡುತ್ತೇನೆ. ಹೇಸಿಗೆಯನ್ನು ಹೇಸಿಗೆ ಎನ್ನದೆ ಗಂಧ ಎನ್ನಲೇ?

ಸಿಂಧನೂರು ತಾಲೂಕಿನಲ್ಲಿ, ಮುಕ್ಕುಂದದಿಂದ ಕೆಳಗೆ, ತುಂಗಭದ್ರೆಯ ದಂಡೆಯ ಮೇಲಿದೆ ಈ ಊರು. ಆಗ ಈಚೆ ದಂಡೆ ನಿಜಾಮರ ಮೊಗಲಾಯಿ, ಆಚೆ ದಂಡೆ ಇಂಗ್ಲಿಷರದು, ಕಂಪನಿ ಹೋಗಿ ಎಷ್ಟೋ ಕಾಲವಾಗಿದ್ದರೂ ಜನರ ಬಾಯಲ್ಲಿ ಕಂಪನಿ ಸೀಮೆ. ಹೊಳೆ ಒಂದೇ ಆದರೂ ರಾಜ್ಯ ಬೇರೆ, ಕಾನೂನು ಬೇರೆ. ಆದೆಪ್ಪ ಅಂಬಿಗರವನು, ಊರಿನ ಹರಿಗೋಲು ಅಪ್ಪನ ಕಾಲದಿಂದ ಅವರದೇ. ಆಚೆ ದಂಡೆಯ ಗುರುಲಿಂಗಮ್ಮ ಸಿಂಧನೂರಿನ ಸಂತೆಗೆ ಬೆಣ್ಣೆ ಮಾರಲು ಅವನ ಹರಿಗೋಲಿನಲ್ಲಿ ದಾಟುತ್ತಿದ್ದಳು. ಏಳು ವರ್ಷಕ್ಕೆ ಆಕೆಯ ಮದುವೆ ಮಾಡಿದ್ದರು. ದೊಡ್ಡವಳಾಗುವ ಮೊದಲೇ ಗಂಡ ಸತ್ತ. ಆಮೇಲೆ ಅಣ್ಣನ ಮನೆಯಲ್ಲಿ ಕೂಲಿಯಿಲ್ಲದ ಆಳು.

ಇಬ್ಬರ ಮನಸ್ಸು ಕೂಡಿತು. ಜಾತಿ ಬೇರೆ, ರಾಜ್ಯ ಬೇರೆ, ಮೇಲೆ ವಿಧವೆ. ಯಾವ ಅಯ್ಯನವರು ಅಕ್ಷತೆ ಹಾಕಿಯಾರು? ಕಂಪನಿ ಸೀಮೆಯಲ್ಲಿ ಇಂಥವರಿಗೂ ಕಾನೂನುಂಟು ಎಂದು ಸಂತೆಯಲ್ಲಿ ಬಟ್ಟೆ ಮಾರುವ ರಹಿಮಾನ್ ಹೇಳಿದ. ಬಳ್ಳಾರಿಗೆ ಹೋದರು. ವರ ನಿಜಾಮರ ಪ್ರಜೆ ಎಂದು ಕೇಳಿ ಗುಮಾಸ್ತ ಮೂಗು ಮುರಿದ. ಹೆಸರುಗಳನ್ನು ಕಚೇರಿಯ ಗೋಡೆಗೆ ಅಂಟಿಸಿದರು. ತಕರಾರು ಬರುತ್ತದೇನೋ ಎಂದು ಎರಡು ವಾರ ಛತ್ರದಲ್ಲಿ ಕಾದರು, ಯಾರೂ ಬರಲಿಲ್ಲ. ಕೊನೆಗೆ ಒಂದು ನಡುಹಗಲು ಕಚೇರಿಯ ಸಾಹೇಬ, ನಿನಗೆ ಒಪ್ಪಿಗೆಯೇ ಎಂದು ಕೇಳಿದ. ಗುರುಲಿಂಗಮ್ಮ ಹೂಂ ಎಂದು ಹೆಬ್ಬೆಟ್ಟು ಒತ್ತಿದಳು. ತನ್ನನ್ನು ಒಬ್ಬರು ಒಪ್ಪಿಗೆ ಕೇಳಿದ್ದು ಅದೇ ಮೊದಲು ಎಂದು ದಾರಿಯುದ್ದಕ್ಕೂ ಹೇಳಿದಳಂತೆ.

ಊರಿಗೆ ಬಂದರೆ ಹಿರಿಯರು ಕಟ್ಟೆಯ ಮೇಲೆ ಕೂತಿದ್ದರು. ಆಚೆ ಸರಕಾರದ ಲಗ್ನ ಈಚೆಗೆ ನಡೆಯುವುದಿಲ್ಲ ಎಂದ ಗೌಡ. ವಿಧವೆಗೆ ಇರುವುದು ಉಡಿಕಿ, ಸೀರೆ ಉಡಿಸಿ ಮುಗಿಸುವ ಮರುಮದುವೆ, ಅಷ್ಟೇ. ಕತ್ತಲಾದ ಮೇಲೆ ಹನುಮಪ್ಪನ ಗುಡಿಯ ಹಿಂದೆ, ಮುತ್ತೈದೆಯರ ಕಣ್ಣಿಗೆ ಬೀಳದಂತೆ ಮಾಡಿಕೊಳ್ಳಬೇಕು. ಆಮೇಲೂ ಆಕೆ ಆರತಿ, ಅಕ್ಷತೆ ಮುಟ್ಟುವಂತಿಲ್ಲ.

ಗುರುಲಿಂಗಮ್ಮ ತಲೆ ತಗ್ಗಿಸಲಿಲ್ಲ. "ಹಗಲೊತ್ತಿನ್ಯಾಗ ಲಗ್ನ ಆಗೀನ್ರಿ. ಕಳ್ಳರಂಗ ಕತ್ತಲದಾಗ ಇನ್ನೊಮ್ಮಿ ಯಾಕ ಆಗ್ಲಿ?"

ಅಂದಿನಿಂದ ಆಕೆ ಊರಿನ ಬಾಯಲ್ಲಿ 'ಇಟ್ಟುಕೊಂಡಾಕಿ'. ಹೀಗೆ ಕರೆದವರಲ್ಲಿ ಅರ್ಧ ಜನ ಸ್ವತಃ ಇಟ್ಟುಕೊಂಡವರು, ಥೂ. ಆಕೆ ಬಸುರಾದಳು. ಏಳನೆಯ ತಿಂಗಳಲ್ಲಿ ಐದು ಜನ ಮುತ್ತೈದೆಯರು ಹಸಿರು ಕುಬಸ ತೊಡಿಸಿ ಉಡಿ ತುಂಬುವ ಕುಬಸದ ಕಾರ್ಯ ಮಾಡಬೇಕು. ಅದಾಗದಿದ್ದರೆ ಹುಟ್ಟುವ ಕೂಸನ್ನು ಊರು ಆದೆಪ್ಪನ ಕೂಸು ಎನ್ನುವುದಿಲ್ಲ. ಆಕೆ ಮನೆಮನೆಗೆ ಹೋಗಿ ಕರೆದಳು. ಒಬ್ಬಳೂ ಹೊಸ್ತಿಲು ದಾಟಲಿಲ್ಲ.

ಆಗ ಗೌಡನಿಗೇ ಆದೆಪ್ಪನ ಕೆಲಸ ಬಿತ್ತು. ಹೊಳೆ ತುಂಬಿತ್ತು. ಗೌಡನ ತಮ್ಮನಿಗೆ ಎರಡನೆಯ ಸಂಬಂಧ ಗೊತ್ತಾಗಿ, ಹೆಣ್ಣಿನವರು ಆಚೆ ದಂಡೆಯಿಂದ ಬರಬೇಕಿತ್ತು. ಅಷ್ಟು ನೀರಿನಲ್ಲಿ ಹುಟ್ಟು ಹಾಕಬಲ್ಲವನು ಅವನೊಬ್ಬನೇ.

"ಬೀಗರನ್ನ ದಾಟಿಸಿಕೊಂಡು ಬಾ, ಆದೆಪ್ಪ. ನಿನ್ನ ಹೇಣ್ತಿ ಆರತಿ ಹಿಡೀಲಿ. ಆಕಿ ಕುಬಸ ನಮ್ಮ ಮನ್ಯಾಗ ಮಾಡ್ತೀವಿ," ಎಂದ ಗೌಡ, ಬಾಯಿತುಂಬ ಎಲೆಯಡಿಕೆ ಜಗಿಯುತ್ತ.

ಗುರುಲಿಂಗಮ್ಮ ಅತ್ತಳಂತೆ, ಸಂತೋಷಕ್ಕೆ. ಹೊಸ ಸೀರೆಯುಟ್ಟು, ಆರತಿ ತಟ್ಟೆ ಹಿಡಿದು ತಾನೂ ಹರಿಗೋಲು ಹತ್ತಿದಳು.

ಆಚೆ ದಂಡೆಯಲ್ಲಿ ಮದುಮಗಳು ಅಪ್ಪನ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಭಾಸಿಂಗ ಕಿವಿಗೆ ಜಾರಿತ್ತು. ಆ ಮದುಮಗಳು ನಾನು, ಅಮರಮ್ಮ.

ಮಾತಿನ ಗದ್ದಲಕ್ಕೆ ಎಚ್ಚರವಾಯಿತು. ಇಷ್ಟು ಸಣ್ಣ ಕೂಸನ್ನು ತುಂಬಿದ ಹೊಳೆ ದಾಟಿಸಿ ಯಾಕೆ ಒಯ್ಯುತ್ತೀರಿ ಎಂದು ಗುರುಲಿಂಗಮ್ಮ ಕೇಳುತ್ತಿದ್ದಳು. ನಮ್ಮಪ್ಪ ನಕ್ಕ. ಕಂಪನಿ ಸರಕಾರ ಹೊಸ ಕಾನೂನು ಮಾಡಿದೆ, ಇಲ್ಲಿ ಸಣ್ಣ ಕೂಸಿನ ಮದುವೆ ಮಾಡಿದರೆ ಜೇಲು, ಮೊಗಲಾಯಿಯಲ್ಲಿ ಯಾರೂ ಕೇಳುವುದಿಲ್ಲ ಎಂದ. ಹೆತ್ತ ಅಪ್ಪ!

ಆಕೆ ನನ್ನ ಭಾಸಿಂಗ ಸರಿ ಮಾಡಲು ಕೈಯೆತ್ತಿದಳು. ಮಾಡಲಿಲ್ಲ. ಆರತಿ ತಟ್ಟೆಯನ್ನು ನಮ್ಮಪ್ಪನ ಕಾಲ ಬಳಿ ಇಟ್ಟು ಗಂಡನ ಕಡೆ ತಿರುಗಿದಳು.

"ಹೊಳ್ಳಿಸು. ನನಗ ಕುಬಸ ಬ್ಯಾಡ."

ಆದೆಪ್ಪ ಆಕೆಯ ಹೊಟ್ಟೆ ನೋಡಿದ, ನನ್ನನ್ನು ನೋಡಿದ. ನಮ್ಮನ್ನು ದಂಡೆಯ ಮೇಲೆಯೇ ಬಿಟ್ಟು ಹುಟ್ಟು ಹಾಕಿದ.

ಹೊಳೆ ಇಳಿದ ಮೇಲೆ ಬೇರೆ ಊರಿನ ಹರಿಗೋಲು ತರಿಸಿ ನನ್ನನ್ನು ದಾಟಿಸಿದರು. ಅಷ್ಟರೊಳಗೆ ಗೌಡನ ಆಳುಗಳು ಆದೆಪ್ಪನ ಹರಿಗೋಲಿನ ತೊಗಲನ್ನು ಕುಡುಗೋಲಿನಿಂದ ಸೀಳಿದ್ದರು. ಗಂಡ ಹೆಂಡತಿ ಆಚೆ ದಂಡೆಗೆ ಹೋಗಿ ಗುಡಿಸಲು ಹಾಕಿದರು. ಕುಬಸವಿಲ್ಲದೆಯೇ ಗಂಡುಮಗು ಹುಟ್ಟಿತು. ಆದೆಪ್ಪ ಅಲ್ಲಿಯೇ ಬೇರೊಂದು ಹರಿಗೋಲು ಕಟ್ಟಿ ಬದುಕಿದ. ನೀರಿಗೆ ಹೋದಾಗ ನಾನು ದೂರದಿಂದ ನೋಡುತ್ತಿದ್ದೆ.

ನನ್ನ ಮದುವೆಯಲ್ಲಿ ಹಿರಿಯರು ಹೋಳಿಗೆಯ ಮೇಲೆ ತುಪ್ಪ ಸುರಿಸಿಕೊಂಡು ಉಂಡರು, ಬೆರಳು ನೆಕ್ಕಿದರು. ಆಮೇಲೆ ಊರಿನ ಯಾವ ಕುಬಸವಿದ್ದರೂ ಮೊದಲ ಆರತಿ ನನ್ನ ಕೈಗೇ ಕೊಟ್ಟರು, ಗೌಡರ ಮನೆಯ ಧರ್ಮಪತ್ನಿ ಎಂದು. ಗುರುಲಿಂಗಮ್ಮನನ್ನು ಕೊನೆಯವರೆಗೂ ಇಟ್ಟುಕೊಂಡಾಕಿ ಎಂದೇ ಕರೆದರು. ಆಕೆ ಹೂಂ ಎಂದು ಮದುವೆಯಾಗಿದ್ದಳು. ನನ್ನ ಕೊರಳಿಗೆ ತಾಳಿ ಬೀಳುವಾಗ ನಾನು ಸೋದರಮಾವನ ತೊಡೆಯ ಮೇಲೆ ನಿದ್ದೆ ಮಾಡುತ್ತಿದ್ದೆ.