ಬೆಲ್ಲದ ಮಂಡಿಯ ಮೇಲಿನ ಮನೆ

ಮಹಾಯುದ್ಧಕ್ಕೆ ಮುಂಚೆ ಕಟ್ಟಿದ್ದು ಎಂಬ ಒಂದೇ ಮಾತಿಗೆ ನನ್ನ ಗಂಡ ಆ ಮನೆಯನ್ನು ಕೊಂಡರು. ಹುಣಸೂರಿನ ಪೇಟೆ ಬೀದಿಯಲ್ಲಿ ಕೆಳಗೆ ಬೆಲ್ಲದ ಮಂಡಿ, ಮೇಲೆ ಮೂರು ಕೋಣೆ. ಮಂಡಿಯ ಸಾಹುಕಾರ ಮೇಲಿನದನ್ನಷ್ಟೇ ಮಾರುತ್ತಿದ್ದ. ಸಿಮೆಂಟಿಗೆ ಪರ್ಮಿಟ್ ಬೇಕಿದ್ದ ಕಾಲ. ಮರದ ಡಿಪೋದಲ್ಲಿ ಗುಮಾಸ್ತರಾಗಿದ್ದ ಗಂಡ ತೊಲೆಗಳನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, "ಕಾಕನಕೋಟೆ ತೇಗ" ಎಂದರು. ಆ ಖುಷಿಯಲ್ಲಿ ಮೆಟ್ಟಿಲು ಎಲ್ಲಿಂದ ಹೊರಡುತ್ತದೆ ಎಂದು ನೋಡಲಿಲ್ಲ. ಅಥವಾ ನೋಡಿಯೂ ಸುಮ್ಮನಿದ್ದರು.

ಮೆಟ್ಟಿಲು ಮಂಡಿಯ ಒಳಗಿತ್ತು. ಬೆಲ್ಲದ ಮೂಟೆಗಳ ನಡುವೆ ಹಾದು, ಗೋಡೆಗೆ ಒತ್ತಿಕೊಂಡು ಹತ್ತಿ, ಅರ್ಧದಲ್ಲಿ ಮೈ ತಿರುಗಿಸಬೇಕಿತ್ತು.

"ಒಂದ್ ಮಾತು ಕಣ್ರೀ," ಎಂದ ಸಾಹುಕಾರ. "ಬದುಕಿರೋರು ಎಷ್ಟ್ ಸಲ ಬೇಕಾದ್ರೂ ಹತ್ತಿ ಇಳೀಲಿ. ಹೆಣ ಮಾತ್ರ ಇಲ್ಲಿಂದ ಇಳಿಸ್ಬ್ಯಾಡಿ. ಮಾಲಿನ ಮುಂದೆ ಹೆಣ ಹೋದ್ರೆ ನನ್ ಬೆಲ್ಲಾವ ಯಾರ್ ಕೊಳ್ತಾರೆ?"

ಅವನು ನಗುತ್ತಾ ಹೇಳಿದ ಎಂದು ನನ್ನ ನೆನಪು. ನಗಲೇ ಇಲ್ಲ ಎಂದು ಗಂಡ ಕೊನೆಯವರೆಗೂ ಹೇಳುತ್ತಿದ್ದರು. ಇಬ್ಬರೂ ಅಲ್ಲೇ ನಿಂತಿದ್ದೆವು. ಸಾಹುಕಾರನ ಆ ಹೊತ್ತಿನ ಮುಖ ಈಗ ಯಾರ ನೆನಪಿನಲ್ಲೂ ಸರಿಯಾಗಿ ಉಳಿದಿಲ್ಲ. ಗಂಡ "ಆಗಲಿ" ಎಂದದ್ದು ಮಾತ್ರ ನಿಜ.

ಹಾರನಹಳ್ಳಿಯ ಮನೆ, ಹೊಲ ಮಾರಿ ಬಂದ ಅತ್ತೆಗೆ ಈ ಮಾತು ತಿಳಿಯಬಾರದೆಂದಿದ್ದೆವು. ಆಕೆ ಮೊದಲ ದಿನ ತಿರುವಿನಲ್ಲಿ ಏದುಸಿರು ಬಿಡುತ್ತಾ ನಿಂತು, ಕೆಳಗೊಮ್ಮೆ ಮೇಲೊಮ್ಮೆ ನೋಡಿದರು. ನಮ್ಮಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ, ಕೂರಿಸಿ ಒಯ್ಯುತ್ತಾರೆ.

"ನನ್ನ ಎಂಗ್ಲಾ ಇಳಿಸ್ತೀಯ ಇದ್ರಾಗೆ?"

"ಸುಮ್ನಿರವ್ವಾ, ಹೊಸಮನೆಗೆ ಬರ್ತಾ ಇದೇನ್ ಮಾತು?"

"ಅಲ್ಲ ಕಣ್ಲಾ, ಮರ ತಟ್ಟಿ ನೋಡ್ದೆ. ಮೆಟ್ಲ ಅಗಲ ನೋಡ್ಬಾರ್ದಾ?"

ಕೆಳಗಿನಿಂದ ಕೂಲಿಯವನೊಬ್ಬ ನಕ್ಕು, ಸಾಹುಕಾರನ ಷರತ್ತನ್ನೂ ಹೇಳಿಬಿಟ್ಟ. ಅತ್ತೆ ಉಳಿದ ಮೆಟ್ಟಿಲು ಹತ್ತಿದರು.

ಆಕೆ ಆ ಮನೆಯನ್ನು ದ್ವೇಷಿಸಿದರು ಎಂದು ಬರೆದರೆ ಕತೆ ನೇರವಾಗುತ್ತದೆ. ಹಾಗಾಗಲಿಲ್ಲ. ತಿಂಗಳೊಳಗೆ ಬೀದಿಯ ಕಡೆಯ ಕಿಟಕಿ ಆಕೆಯದಾಯಿತು. ಪಿರಿಯಾಪಟ್ಟಣದ ಬಸ್ಸು, ಕೋಟೆಯ ಬಸ್ಸು, ಮಡಿಕೇರಿಯಿಂದ ಕಿತ್ತಳೆ ಹೇರಿಕೊಂಡು ಬರುವ ಲಾರಿ, ಯಾವುದು ಬಂತೆಂದು ಹಾರ್ನಿನಲ್ಲೇ ಹೇಳುತ್ತಿದ್ದರು. "ಇವತ್ತು ಆ ಡ್ರೈವರ್‌ಗೆ ಎಂಡ್ತಿ ಬೈದವ್ಳೆ, ನೋಡು ಎಂಗೆ ಬಾರುಸ್ತಾವ್ನೆ" ಎಂದು ನಗುತ್ತಿದ್ದರು. ನಾನು ಅಕ್ಕಿ ಆರಿಸುತ್ತಾ ಕೂರುತ್ತಿದ್ದೆ. ಆ ಮನೆಯಲ್ಲಿ ನನಗೆ ಬೇರೆ ಜೊತೆ ಇರಲಿಲ್ಲ.

ಎರಡನೆಯ ಮಳೆಗಾಲದಲ್ಲಿ ಉಬ್ಬಸ ಜೋರಾಯಿತು. ಒಂದು ಬೆಳಿಗ್ಗೆ ಅತ್ತೆ ಮಗನನ್ನು ಕರೆದರು.

"ಜೀವ ಇರೋವಾಗ್ಲೇ ನನ್ನ ಕೆಳೀಕೆ ಇಳಿಸ್ಬುಡು."

ಗಂಡ ಬೇಡ ಎನ್ನುತ್ತಾರೆಂದು ಕಾದೆ. ಅವರು, "ಹಿಂದಿನ ಓಣೀಲಿ ಗಾಡಿ ಕೊಟ್ಟಿಗೆ ಖಾಲಿ ಐತೆ" ಎಂದರು. ಅದನ್ನು ಮೊದಲೇ ನೋಡಿಟ್ಟಿದ್ದರೋ, ಆಗ ಹೊಳೆಯಿತೋ, ನಾನು ಕೇಳಲಿಲ್ಲ. ಅತ್ತೆಯೂ ಕೇಳಲಿಲ್ಲ. ಮಗನ ಮುಖವನ್ನು ಸ್ವಲ್ಪ ಹೊತ್ತು ನೋಡಿ ಕಣ್ಣು ಮುಚ್ಚಿಕೊಂಡರು.

ಬೀಳದಿರಲೆಂದು ಸೀರೆಯಿಂದ ಕುರ್ಚಿಗೆ ಕಟ್ಟಿ ಇಳಿಸಿದೆವು. ಮಂಡಿಯಲ್ಲಿ ಕೂತಿದ್ದ ಗಿರಾಕಿಗಳು ಎದ್ದು ಕೈಮುಗಿದರು. ಸಾಹುಕಾರ ತಕ್ಕಡಿ ಬಿಟ್ಟು ಗಾಬರಿಯಿಂದ, "ಜೀವ ಐತಾ?" ಎಂದ.

"ಐತೆ ಕಣಪ್ಪ," ಎಂದರು ಅತ್ತೆ. "ನಿನ್ ಯಾಪಾರ ನೋಡ್ಕೊ."

ಯಾರೋ ನಕ್ಕರು. ನನಗೂ ನಗು ಬಂದಿತ್ತೇನೋ.

ಕೊಟ್ಟಿಗೆಗೆ ಕಿಟಕಿ ಇರಲಿಲ್ಲ. ಮಂಚದ ಎದುರಿಗೆ ತೇವದ ಗೋಡೆ, ಅದರಾಚೆ ಯಾರದೋ ಬಚ್ಚಲು. ಆಕೆ ಅಲ್ಲಿ ಬೇಗ ಸಾಯಲಿಲ್ಲ, ಅದೇ ಕಷ್ಟವಾಯಿತು. ಮಳೆ ನಿಂತ ಮೇಲೆ ಉಸಿರು ಹದಕ್ಕೆ ಬಂತು, ಗಂಜಿ ಬಿಟ್ಟು ಮುದ್ದೆ ಕೇಳಿದರು. "ಮೇಲಕ್ಕೆ ಹೋಗೋಣ ಬನ್ನಿ ಅತ್ತೆ" ಎಂದೆ.

"ಮೇಲೀಕೆ ಅತ್ತಿದ್ರೆ ಮತ್ತೆ ಇಳಿಸ್ಬೇಕಲ್ಲವ್ವ. ನಿನ್ ಗಂಡ ಎಷ್ಟ್ ಸಲ ನನ್ನ ಒತ್ಕೊಂಡಾನು?"

ಗಂಡನಿಗೆ ಹೇಳಿದೆ, ಸಾಹುಕಾರನನ್ನು ಒಮ್ಮೆ ಕೇಳಿ ನೋಡಿ ಎಂದು. "ಕೊಟ್ಟ ಮಾತು" ಎಂದರು. ಇನ್ನೊಮ್ಮೆ ಹೇಳಿದೆ. ಊಟ ಬಿಟ್ಟು ಎದ್ದರು. ದಿನಾ ಊಟ ಒಯ್ದಾಗ ಅತ್ತೆ ಬಸ್ಸುಗಳ ವಿಷಯ ಕೇಳುತ್ತಿದ್ದರು, ನಾನು ನೋಡದೇ ಇದ್ದದ್ದನ್ನೂ ಹೇಳುತ್ತಿದ್ದೆ. ಕ್ರಮೇಣ ಕೇಳುವುದನ್ನು ಬಿಟ್ಟರು. ಮಾತು ಬಿಟ್ಟರು. ಚಳಿಗಾಲದ ಒಂದು ಬೆಳಿಗ್ಗೆ, ಗೋಡೆಯ ಕಡೆ ತಿರುಗಿಕೊಂಡು, ನಾನು ಒಲೆ ಹಚ್ಚುವಷ್ಟರಲ್ಲಿ ಹೋದರು.

ನೆಲದ ಮಟ್ಟದ ಜಾಗ. ಕೂರಿಸುವುದು, ಹೊರಗೆ ತರುವುದು, ಯಾವುದೂ ಕಷ್ಟವಾಗಲಿಲ್ಲ. ಬಂದವರು ಅನುಕೂಲವಾಯಿತು ಎಂದರು.

ಮಣ್ಣು ಮಾಡಿ ಬಂದ ಮಾರನೆಯ ದಿನ ಗಂಡ, ನಾನು ಮಂಡಿಯೊಳಗೆ ಕಾಲಿಟ್ಟಾಗ ಸಾಹುಕಾರ ಎದ್ದು ಬಂದ. ಅವನ ಕಣ್ಣು ಒದ್ದೆಯಾಗಿತ್ತು. ಇದನ್ನು ಮಾತ್ರ ಗಂಡನೂ ಅಲ್ಲಗಳೆಯಲಿಲ್ಲ.

"ಆ ಕೊಟ್ಟಿಗೇಲಿ ಯಾಕ್ರೀ ಬುಟ್ಟಿದ್ರಿ ಆ ಮುದುಕೀನ?"

"ನೀವೇ ಅಂದಿದ್ರಲ್ಲ, ಮೆಟ್ಲಿಂದ..."

"ಅಯ್ಯೋ ಶಿವನೇ! ವ್ಯಾಪಾರದಲ್ಲಿ ನಾಕ್ ಮಾತು ಬತ್ತವೆ. ಬಾಯ್ಬಿಟ್ಟು ಒಂದ್ ಸಲ ಕೇಳಿದ್ರೆ ಬ್ಯಾಡ ಅಂತಿದ್ನಾ?"

ಗಂಡ ಗೋಡೆ ಹಿಡಿದು ನಿಂತರು. ನಾನು ಅವರ ಕಡೆ ನೋಡಲಿಲ್ಲ. ಆಮೇಲೆ ಗಂಡ, ತಿಥಿಯ ಅಡುಗೆಗೆ ಬೆಲ್ಲ ಬೇಕು ಎಂದರು. ಸಾಹುಕಾರ ಒಳ್ಳೆಯದನ್ನೇ ಆರಿಸಿ ತೂಗಿದ.