ಬಣ್ಣದ ಕೈ, ರಕ್ತದ ಚೀಟಿ

ಇಳಕಲ್ಲಿನಲ್ಲಿ ನಮ್ಮದು ಬಣ್ಣ ಹಾಕುವ ಮನೆ. ಸೀರೆಯ ಸೆರಗಿಗೆ ಬೇಕಾದ ರೇಷ್ಮೆಯನ್ನು ಕುದಿಯುವ ಹಂಡೆಯಲ್ಲಿ ಅದ್ದಿ, ಕೋಲಿನಿಂದ ತಿರುವಿ, ಹಿಂಡಿ, ಒಣಗಿಸಿ ನೇಕಾರರಿಗೆ ಕೊಡುವುದು ನಮ್ಮ ಕಸುಬು. ಹದಿನಾರಕ್ಕೆ ಹಂಡೆಯ ಮುಂದೆ ನಿಂತವನು ನಾನು. ಅಂದಿನಿಂದ ನನ್ನ ಅಂಗೈ ದಾಳಿಂಬರದ ಕೆಂಪು. ಎಷ್ಟು ಸಾಬೂನು ಹಚ್ಚಿದರೂ ಹೋಗುತ್ತಿರಲಿಲ್ಲ. ಮದುವೆ ಮನೆಗಳಲ್ಲಿ ಬಡಿಸಲು ನಿಂತರೆ ಹೆಂಗಸರು, ಮದುಮಗಳ ಮೆಹಂದಿಗಿಂತ ಇವನ ಕೈಯೇ ಚಂದ ಎಂದು ನಗುತ್ತಿದ್ದರು. ನನಗೂ ಆ ಕೈ ಬಗ್ಗೆ ಸ್ವಲ್ಪ ಜಂಬವೇ ಇತ್ತು. ಇಪ್ಪತ್ತೈದನೆಯ ವಯಸ್ಸಿನಲ್ಲಿ, ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಅದೇ ಕೈಯನ್ನು ಕಂಡರೆ ನಾನು ಹೆದರತೊಡಗಿದೆ.

ಕಾರಣ ಹುನಗುಂದದಲ್ಲಿತ್ತು. ಅಲ್ಲಿ ನಮ್ಮ ರೇಷ್ಮೆಯನ್ನು ಸುತ್ತಿಕೊಡುವ ಒಬ್ಬ ವಿಧವೆ ಇದ್ದಳು. ನನಗಿಂತ ಐದಾರು ವರ್ಷ ದೊಡ್ಡವಳು. ನೂಲು ಕೊಡಲು ಹೋದಾಗಲೆಲ್ಲ ‘ಅಕ್ಕಾರ’ ಎಂದು ಕರೆಯುತ್ತಿದ್ದೆ. ದಸರೆಯ ನಂತರ ಒಂದು ಮಧ್ಯಾಹ್ನ ಮಾತು ಎಲ್ಲಿಂದಲೋ ಎಲ್ಲಿಗೋ ಹೋಯಿತು. ಇಬ್ಬರಿಗೂ ಮನಸ್ಸಿತ್ತು, ಅದರಲ್ಲಿ ಸುಳ್ಳಿಲ್ಲ. ದೀಪಾವಳಿಯ ಹೊತ್ತಿಗೆ ಮೂರು ಸಲ ಆಗಿತ್ತು. ನಿರೋಧ ಎಂಬುದು ರೇಡಿಯೋದಲ್ಲಿ ಕೇಳಿದ ಹೆಸರು, ಅದು ಮಕ್ಕಳು ಸಾಕೆಂದವರಿಗೆ ಎಂದುಕೊಂಡಿದ್ದೆ. ಆಮೇಲೆ ನಾನು ಆಕೆಯನ್ನು ಅಕ್ಕಾರ ಎನ್ನಲಿಲ್ಲ, ಬೇರೆ ಏನೂ ಎನ್ನಲಿಲ್ಲ. ಬಾದಾಮಿಯ ಹುಡುಗಿಯೊಬ್ಬಳ ಜೊತೆ ಮದುವೆ ನಿಶ್ಚಯವಾದ ಮೇಲಂತೂ ಹುನಗುಂದಕ್ಕೆ ಹೋಗುವುದನ್ನೇ ಬಿಟ್ಟೆ. ಹೇಳಿ ಬಿಡಲಿಲ್ಲ, ಸುಮ್ಮನೆ ಬಿಟ್ಟೆ. ನೂಲಿನ ಗಂಟನ್ನು ಅಣ್ಣನೇ ಒಯ್ಯತೊಡಗಿದ.

ಸಂಕ್ರಾಂತಿ ಕಳೆದಿತ್ತು. ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕಲ್ಲು ಸಾಗಿಸುವ ಲಾರಿಯ ಡ್ರೈವರ್ ಒಬ್ಬ ಪಕ್ಕದವನಿಗೆ ತನಗೆ ಹತ್ತಿದ್ದ ಗುಪ್ತರೋಗದ ಕತೆ ಹೇಳುತ್ತಿದ್ದ. ಮುಚ್ಚುಮರೆ ಇಲ್ಲದ ಮನುಷ್ಯ.

“ಗರ್ಮಿ ಹತ್ತಿದ್ರ ಮೊದ್ಲ ಗೊತ್ತ ಆಗಂಗಿಲ್ರಿ. ಒಂದೆರಡು ತಿಂಗಳಾದ ಮ್ಯಾಲೆ ಅಂಗೈಯಾಗ ಕೆಂಪು ಕೆಂಪು ಏಳ್ತಾವ. ಕೆರಿಯಂಗಿಲ್ಲ, ನೋಯಂಗಿಲ್ಲ. ಮೋಸದ ಬ್ಯಾನಿ ಅದು.”

ನಾನು ಚಹಾದ ಬಸಿ ಕೆಳಗಿಟ್ಟು ಅಂಗೈ ನೋಡಿಕೊಂಡೆ. ಕೆಂಪು. ಕೆರೆತವಿಲ್ಲ, ನೋವಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಕೈ ನೋಡಿಕೊಂಡು ನಿಶ್ಚಿಂತೆಯಿಂದ ಮನೆಗೆ ಹೋಗುತ್ತಿದ್ದರು. ನನ್ನ ಕೈ ಒಂಬತ್ತು ವರ್ಷದಿಂದ ಬಣ್ಣದಲ್ಲಿ ಮುಳುಗಿದೆ. ಒಳಗೆ ಚುಕ್ಕೆ ಎದ್ದಿದ್ದರೂ ಕಾಣುವುದು ಹೇಗೆ? ಹಾಗಾಗಿ ಬಣ್ಣ ತೆಗೆಯಬೇಕೆಂದು ಹೊರಟೆ. ಹುಣಸೆಹಣ್ಣು ತಿಕ್ಕಿದೆ, ಸೀಮೆಎಣ್ಣೆ ತಿಕ್ಕಿದೆ. ಕೊನೆಗೆ ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿ ಕಲಸಿ ಕೈ ಅದ್ದಿ ಕೂತೆ. ಬಣ್ಣ ಅಲ್ಲಲ್ಲಿ ಬಿಟ್ಟಿತು, ಅದರ ಜೊತೆ ಚರ್ಮವೂ ಬಿಟ್ಟಿತು. ಈಗ ನಿಜವಾಗಿಯೂ ಹುಣ್ಣು. ಯಾವುದು ಬಣ್ಣ, ಯಾವುದು ಸುಟ್ಟದ್ದು, ಯಾವುದು ರೋಗ ಎಂದು ಬ್ರಹ್ಮನಿಗೂ ತಿಳಿಯದ ಹಾಗೆ ಮಾಡಿಟ್ಟೆ. ಬುದ್ಧಿಗೇಡಿತನಕ್ಕೂ ಒಂದು ಮಿತಿ ಬೇಕು.

ಮನೆಯಲ್ಲಿ ಇದು ಬೇರೆಯೇ ಅರ್ಥ ಪಡೆಯಿತು. ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇತ್ತು: ತಾಳಿ ಕಟ್ಟಿ ತಲೆಯ ಮೇಲೆ ಅಕ್ಕಿಕಾಳು ಬೀಳುವಾಗ ಮದುಮಗಳು ಉಡುವ ಸೀರೆಯ ಸೆರಗಿನ ರೇಷ್ಮೆಯನ್ನು ಮದುಮಗನೇ ಕೈಯಾರೆ ಬಣ್ಣಕ್ಕೆ ಅದ್ದಬೇಕು. ಮದುವೆಗೆ ಒಂದೇ ತಿಂಗಳಿತ್ತು. ನೇಕಾರ ಮಗ್ಗ ಖಾಲಿ ಇಟ್ಟುಕೊಂಡು ಕಾಯುತ್ತಿದ್ದ. ನಾನು ಹಂಡೆಯ ಹತ್ತಿರವೇ ಸುಳಿಯಲಿಲ್ಲ. ನನ್ನ ಕೈಯಿಂದ ಆ ರೇಷ್ಮೆಗೆ, ರೇಷ್ಮೆಯಿಂದ ಬಾದಾಮಿಯ ಹುಡುಗಿಯ ಮೈಗೆ ರೋಗ ಹೋಗುತ್ತದೆ ಎಂದು ನಂಬಿಬಿಟ್ಟಿದ್ದೆ.

“ಹುಡುಗಿ ಕಪ್ಪದಾಳಂತ ಸಿಟ್ಟೇನೋ?” ಅವ್ವ ಕೇಳಿದಳು.

“ಮನಸಿಲ್ಲಂದ್ರ ಬಾಯಿಬಿಟ್ಟ ಹೇಳು,” ಅಣ್ಣ ಗುಡುಗಿದ. “ಹಿಂಗ ಕೈ ಸುಟ್ಕೊಂಡು ಕುಂತ್ರ ಬಾದಾಮಿಯವ್ರಿಗೆ ಏನಂತ ಹೇಳೂನು?”

ಹುಡುಗಿ ನನಗೆ ಇಷ್ಟವಾಗಿದ್ದಳು, ಅದೇ ತೊಂದರೆ. ಇಷ್ಟವಿಲ್ಲದಿದ್ದರೆ ಇಷ್ಟು ಹೆದರುತ್ತಿರಲಿಲ್ಲ.

ತೋರಿಸಬೇಕೆಂದರೆ ಎಲ್ಲಿ? ಇಳಕಲ್ಲಿನ ಡಾಕ್ಟರ ಹೆಂಡತಿ ನಮ್ಮ ಸೀರೆಯನ್ನೇ ಉಡುತ್ತಿದ್ದರು. ಹುನಗುಂದದ ಮಾತೇ ಬೇಡ. ಬಣ್ಣದ ಪುಡಿ ತರುತ್ತೇನೆಂದು ಸುಳ್ಳು ಹೇಳಿ ಬಾಗಲಕೋಟೆಯ ಬಸ್ಸು ಹತ್ತಿದೆ. ಹುನಗುಂದದಲ್ಲಿ ಬಸ್ಸು ನಿಂತಾಗ ಟವೆಲು ಮುಖಕ್ಕೆ ಹಾಕಿಕೊಂಡು ನಿದ್ದೆ ಮಾಡಿದವನ ಹಾಗೆ ಕೂತೆ. ಆಗ ನನಗೆ ಆಕೆಯ ಮೇಲೆ ಬರೀ ಸಿಟ್ಟು. ಗಂಡನಿಲ್ಲದವಳು, ಆ ಮನೆಗೆ ನನ್ನ ಮೊದಲು ಇನ್ನಾರು ಬಂದು ಹೋಗಿದ್ದರೋ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಹಾಗೆ ಯೋಚಿಸಲು ನನ್ನ ಹತ್ತಿರ ಒಂದು ಕೂದಲೆಳೆಯಷ್ಟೂ ಆಧಾರವಿರಲಿಲ್ಲ.

ದವಾಖಾನೆಯ ಡಾಕ್ಟರು ನನ್ನ ಕೈ ತಿರುಗಿಸಿ ನೋಡಿದರು, ಮೂಗಿನ ಹತ್ತಿರ ಹಿಡಿದರು. “ಬ್ಲೀಚಿಂಗ್ ಪುಡಿ ವಾಸನಿ ಬರಾಕತ್ತೈತಿ. ಯಾವ ಶಾಣ್ಯಾ ಹೇಳಿದ ಇದನ್ನ?”

ತಲೆ ತಗ್ಗಿಸಿ ಎಲ್ಲ ಹೇಳಿದೆ. ಅವರು ನಗಲಿಲ್ಲ, ಅದೊಂದು ಪುಣ್ಯ.

“ಕೈ ನೋಡಿ ಹೇಳಾಕ ನಾ ಕಣಿ ಹೇಳಾಂವ ಅಲ್ಲ. ರಕ್ತ ಕೊಟ್ಟು ಹೋಗು. ಮೂರು ತಿಂಗಳಾತು ಅಂತಿ, ಹಂಗಾದ್ರ ತಪಾಸಣಿ ನಂಬಬಹುದು. ರೋಗ ಇದ್ರೂ ಪೆನ್ಸಿಲಿನ್ ಐತಿ, ಗುಣ ಆಗತೈತಿ. ಆದ್ರ ಮುಚ್ಚಿಟ್ಟು ಮದುವಿ ಆಗಬ್ಯಾಡ. ಕಟ್ಕೊಂಡಾಕಿಗೂ ಬರ್ತೈತಿ, ಹುಟ್ಟೂ ಕೂಸಿಗೂ ಬರ್ತೈತಿ.” ನಾನು ಏಳುವಾಗ ಇನ್ನೊಂದು ಮಾತು ಸೇರಿಸಿದರು: “ಆ ಹೆಣ್ಮಗಳಿಗೂ ಬಂದು ತೋರಿಸ್ಕೋ ಅಂತ ಹೇಳು.”

“ಹೇಳ್ತೇನ್ರಿ,” ಎಂದೆ. ಹೇಳಲಿಲ್ಲ.

ರಕ್ತದ ಚೀಟಿ ಬರಲು ಒಂದು ವಾರ. ಆ ವಾರವನ್ನು ನಾನು ಹೇಗೆ ಕಳೆದೆನೋ ನನಗೇ ಗೊತ್ತು. ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಗಂಟಲು ಕೆರೆದರೆ ಅದೇ, ಸೊಂಟ ಹಿಡಿದರೆ ಅದೇ. ಕನ್ನಡಿ ಹಿಡಿದು ನಾಲಗೆಯ ಅಡಿಯನ್ನೂ ನೋಡಿಕೊಂಡೆ. ಇದರ ನಡುವೆ ಅವ್ವ ನನ್ನನ್ನು ಎಳೆದುಕೊಂಡು ಬಾದಾಮಿಗೆ ಹೋದಳು, ಬೀಗರ ಜೊತೆ ಮಾತಾಡುವುದಿತ್ತು. ಹುಡುಗಿ ತಂಬಿಗೆಯಲ್ಲಿ ನೀರು ತಂದಳು. ನಾನು ಅಂಗೈಗೆ ಸುತ್ತಿದ ಅರಿವೆಯಲ್ಲೇ ತಂಬಿಗೆ ಹಿಡಿದು, ತುಟಿ ತಾಗಿಸದೆ ಮೇಲಿಂದ ಸುರಿದುಕೊಂಡೆ. ಅರ್ಧ ನೀರು ಅಂಗಿಯ ಮೇಲೆ ಬಿತ್ತು.

“ಅಳಿಯಂದ್ರು ಭಾಳ ಮಡಿ ಕಾಣ್ತಾರ,” ಎಂದು ಹುಡುಗಿಯ ಸೋದರತ್ತೆ ಚೇಷ್ಟೆ ಮಾಡಿದಳು. ಎಲ್ಲರೂ ನಕ್ಕರು. ಹುಡುಗಿ ಮಾತ್ರ ನಗದೆ ನನ್ನ ಕೈ ನೋಡಿ, “ಭಾಳ ಉರಿತೈತೇನ್ರಿ?” ಎಂದು ಕೇಳಿದಳು. ಇನ್ನೊಂದು ಮಾತಾಡಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದೆ.

ವಾರ ಕಳೆದ ದಿನ ಮೊದಲ ಬಸ್ಸಿಗೆ ಬಾಗಲಕೋಟೆಗೆ ಹೋದೆ. ಡಾಕ್ಟರು ಚೀಟಿ ನೋಡಿದರು. “ಏನೂ ಇಲ್ಲ. ಹೋಗು, ಮದುವಿ ಮಾಡ್ಕೋ. ಕೈಗೆ ಕೊಬ್ಬರಿ ಎಣ್ಣಿ ಹಚ್ಚು.” ಇಷ್ಟೇ. ಚೀಟಿಯನ್ನು ಜೇಬಿಗೆ ತುರುಕಿ, ಕುಣಿಯುವುದೊಂದು ಬಾಕಿ ಎಂಬಂತೆ ಪಡಸಾಲೆಗೆ ಬಂದೆ.

ರಕ್ತ ಕೊಡುವ ಕೋಣೆಯ ಮುಂದೆ ಹೆಂಗಸರ ಪಾಳಿ ಇತ್ತು. ಅದರಲ್ಲಿ ಮೂರನೆಯವಳು ಹುನಗುಂದದ ಆಕೆ.

ತಪ್ಪಿಸಿಕೊಳ್ಳಬಹುದಿತ್ತು. ಆದರೆ ಆಕೆ ನನ್ನನ್ನು ನೋಡಿಬಿಟ್ಟಿದ್ದಳು. ಹತ್ತಿರ ಹೋಗಿ, “ನೀ ಯಾಕ ಇಲ್ಲಿ?” ಎಂದೆ.

ಆಕೆ ಸೆರಗು ಸರಿಮಾಡಿಕೊಂಡು ಸಣ್ಣ ದನಿಯಲ್ಲಿ ಹೇಳಿದಳು: “ನಿಮ್ಮ ಅಂಗೈ ಹುಣ್ಣಾಗೈತಿ, ಹಂಡೇದ ಕಡೆ ಬರಂಗಿಲ್ಲ ಅಂತ ನಿಮ್ಮಣ್ಣ ಹೇಳಿದ್ರು. ಗರ್ಮಿ ಇರಬೇಕಂತ ಅಂಜಿಕಿ ಆತು, ಅದಕ್ಕ ಬಂದೇನ್ರಿ. ನೀವು ಬಣ್ಣಕ್ಕಂತ ಸೊಲ್ಲಾಪುರಕ್ಕ ಹೋಗಾವ್ರು, ವಾರಗಟ್ಲೆ ಅಲ್ಲೇ ಇರಾವ್ರು. ಅಲ್ಲಿ ಏನ ಮಾಡ್ತೀರೋ ನನಗೇನ ಗೊತ್ತು? ನಮ್ಮವ್ರು ಹೋದ ಮ್ಯಾಲೆ ನಿಮ್ಮನ್ನ ಬಿಟ್ರ ನಾ ಯಾರನ್ನೂ ಕಂಡಾಕಿ ಅಲ್ಲ.”

ಸೊಲ್ಲಾಪುರದಲ್ಲಿ ನಾನು ಏನೂ ಮಾಡಿರಲಿಲ್ಲ. ಆದರೆ ಹಾಗೆಂದು ಹೇಳಿದರೆ ಆಕೆ ಯಾಕೆ ನಂಬಬೇಕು? ಇಷ್ಟು ದಿನದ ದಿಗಿಲಿನಲ್ಲಿ ನನ್ನಿಂದ ಇನ್ನೊಬ್ಬರಿಗೆ ಅಂಜಿಕೆ ಹುಟ್ಟಬಹುದು, ಅದೂ ಹುನಗುಂದದಲ್ಲಿ, ಎಂದು ಒಮ್ಮೆಯೂ ಹೊಳೆದಿರಲಿಲ್ಲ.

ಜೇಬಿನಿಂದ ಚೀಟಿ ತೆಗೆದು ಕೊಟ್ಟೆ. “ನೋಡು, ನನಗ ಏನೂ ಇಲ್ಲ. ನೀ ಹೆದರಬ್ಯಾಡ.”

ಆಕೆಗೆ ನಾಲ್ಕು ಅಕ್ಷರ ಓದಲು ಬರುತ್ತಿತ್ತು. ಬೆರಳಿಟ್ಟು ನಿಧಾನ ಓದಿದಳು. “ಇದು ಯಾರ ಹೆಸರು?”

ಮೇಲೆ ಬರೆಯುವಾಗ ಒಂದು ಮಾತು ಬಿಟ್ಟಿದ್ದೇನೆ, ನಾಚಿಕೆಯಿಂದ. ರಕ್ತ ಕೊಡುವ ದಿನ ನಾನು ಬೇರೆ ಹೆಸರು, ಬೇರೆ ಊರು ಬರೆಸಿದ್ದೆ.

“ಅದು ನಂದ. ಸುಳ್ಳ ಹೆಸರು ಕೊಟ್ಟಿದ್ದೆ,” ಎಂದೆ. ನನ್ನ ಕಿವಿಗೇ ಅದು ಹಸಿ ಸುಳ್ಳಿನ ಹಾಗೆ ಕೇಳಿಸಿತು.

ಆಕೆ ಚೀಟಿ ಮಡಚಿ ನನ್ನ ಕೈಗೇ ಇಟ್ಟಳು. “ಯಾರದೋ ಚೀಟಿ ನೋಡಿ ನಾ ಹೆಂಗ ನಂಬ್ಲಿ? ನಂದು ನಾ ನೋಡ್ಕೋತೇನ್ರಿ.”

ಪಾಳಿ ಮುಂದೆ ಸರಿಯಿತು. ಬಾಗಿಲಲ್ಲಿ ಕೂತ ನರ್ಸು ಹೆಸರು ಕೇಳಿದಳು. ಆಕೆ ತನ್ನ ಹೆಸರು, ತೀರಿಹೋದ ಗಂಡನ ಹೆಸರು, ಊರು ಹುನಗುಂದ ಎಂದು ಪಡಸಾಲೆಗೆಲ್ಲ ಕೇಳುವಂತೆ ಹೇಳಿದಳು. ಆಮೇಲೆ ತೋಳು ಮುಂದೆ ಮಾಡಿದಳು. ಒಂದು ವಾರ ಬಿಟ್ಟು ಬಾ ಎಂದರು.

ಆ ಏಳು ದಿನ ಹೇಗಿರುತ್ತವೆ ಎಂಬುದು ಆ ಪಡಸಾಲೆಯಲ್ಲಿ ನನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆದರೂ ನಾನು ಆಕೆಗಾಗಿ ಕಾಯದೆ ಇಳಕಲ್ಲಿನ ಬಸ್ಸು ಹಿಡಿದೆ. ಮರುದಿನವೇ ರೇಷ್ಮೆಯನ್ನು ಬಣ್ಣಕ್ಕೆ ಅದ್ದಿದೆ, ಮದುವೆಯೂ ಆಯಿತು. ಹುನಗುಂದದಿಂದ ನೂಲು ಬರುವುದು ನಿಂತುಹೋಯಿತು. ಆಕೆಯ ಚೀಟಿಯಲ್ಲಿ ಏನು ಬಂದಿತ್ತು ಎಂದು ನಾನು ಕೇಳಲಿಲ್ಲ.